ರಾಜಸ್ಥಾನವನ್ನು ಬರೀ ನೋಡಿ ಬರುವುದಲ್ಲ, ತಿಳಿದುಕೊಳ್ಳಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನೋಡಿದೆ. ಡಿಸೆಂಬರ್‌ನಲ್ಲಿ 10 ದಿನ ರಜೆ, ಜೊತೆಗೆ ಅಪ್ಪ ಅಮ್ಮ, ಮೊದಲ ಸಲ ರಾಜಸ್ಥಾನ. ಕೋಟೆ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರುವುದು ಬೇಡ, ಅಲ್ಲಿನ ಚರಿತ್ರೆ, ಜನ ಸ್ವಲ್ಪವಾದರೂ ಅರ್ಥವಾಗಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬ್ಯಾಂಕ್ ನೌಕರಿಯಲ್ಲಿ ವರ್ಗವಾಗಿ 3 ವರ್ಷ ಜೋಧಪುರದಲ್ಲಿದ್ದೆ. ನನ್ನ ಊರು ಕುಷ್ಟಗಿ ಹತ್ತಿರ. ಬಿಸಿಲು, ಬರ ನನಗೇನು ಹೊಸದಾ ಅಂತ ಜಂಬದಿಂದಲೇ ಹೋಗಿದ್ದೆ. ಮೊದಲ ವಾರವೇ ಆ ಜಂಬ ಇಳಿಯಿತು.

ಮನೆ ಮಾಲೀಕರ ಹೆಂಡತಿಯನ್ನು ನಾನು ಕಾಕೀಸಾ ಅನ್ನುತ್ತಿದ್ದೆ. ಕಾಕಿ ಅಂದರೆ ಚಿಕ್ಕಮ್ಮ. ಕೊನೆಯ 'ಸಾ' ಮರ್ಯಾದೆಗೆ, ನಮ್ಮ 'ರೀ' ಇದ್ದ ಹಾಗೆ. ಒಂದು ದಿನ ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದೆ. ಅವರು ಬಂದರು, ಬೈಯಲಿಲ್ಲ, ಸುಮ್ನೆ ನಲ್ಲಿ ನಿಲ್ಲಿಸಿದರು. ತಟ್ಟೆಗೆ ಒಂದು ಹಿಡಿ ಒಣ ಮರಳು ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಕೈಗಿಟ್ಟರು. ಫಳಫಳ ಹೊಳೆಯುತ್ತಿತ್ತು. ಅವರ ತವರು ಬಾಡ್‌ಮೇರ್ ಕಡೆಯ ಹಳ್ಳಿ. ಚಿಕ್ಕಂದಿನಲ್ಲಿ ಹೊರಸಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದರಂತೆ. ಕೆಳಗೆ ಪರಾತ ಇಟ್ಟು ಬಿದ್ದ ನೀರನ್ನೆಲ್ಲ ಹಿಡಿದು ದನಕ್ಕೆ ಇಡುತ್ತಿದ್ದರಂತೆ.

ಹಾಗಾಗಿ ನನ್ನ ಉತ್ತರ ಒಂದೇ. ನೀರಿನಿಂದ ಶುರು ಮಾಡಿ. ಕೋಟೆ, ರಾಜರು, ಪೇಟ ಎಲ್ಲ ಅದರ ಹಿಂದೆ ಬರುತ್ತವೆ.

ಮೊದಲು ನಕ್ಷೆ ತೆಗೆದು ಅರಾವಳಿ ಬೆಟ್ಟ ಎಲ್ಲಿದೆ ನೋಡಿ. ಗುಜರಾತಿನ ಕಡೆಯಿಂದ ದೆಹಲಿ ತನಕ ರಾಜ್ಯವನ್ನು ಓರೆಯಾಗಿ ಸೀಳಿದೆ. ನಮ್ಮ ಸಹ್ಯಾದ್ರಿ ಮುಂಗಾರು ಮೋಡಕ್ಕೆ ಎದೆ ಕೊಟ್ಟು ಅಡ್ಡ ನಿಲ್ಲುತ್ತದೆ, ಅದಕ್ಕೇ ಆಗುಂಬೆಯಲ್ಲಿ ಅಷ್ಟು ಮಳೆ. ಅರಾವಳಿ ಹಾಗಲ್ಲ. ಅರಬ್ಬಿ ಸಮುದ್ರದ ಮೋಡ ಹೋಗುವ ದಿಕ್ಕಿಗೇ ಉದ್ದಕ್ಕೆ ಮಲಗಿದೆ. ಮೋಡ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತದೆ. ಬೆಟ್ಟದ ಪೂರ್ವಕ್ಕೆ ಜೈಪುರ, ಕೋಟಾ. ದಕ್ಷಿಣದಲ್ಲಿ ಉದಯಪುರ, ಅಲ್ಲಿ ಕೆರೆಗಳೇ ಜಾಸ್ತಿ. ಪಶ್ಚಿಮಕ್ಕೆ ಜೋಧಪುರ, ಬಿಕಾನೇರ್, ಬಾಡ್‌ಮೇರ್, ಜೈಸಲ್ಮೇರ್, ಇದೇ ಥಾರ್ ಮರುಭೂಮಿ. ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿ.ಮೀ. ಮಳೆ ಬಂದರೆ ಒಳ್ಳೆಯ ವರ್ಷ. ರಾಜ್ಯದ ವಿಸ್ತೀರ್ಣ 3,42,239 ಚದರ ಕಿ.ಮೀ. ಕರ್ನಾಟಕ 1,91,791. ಅಂದರೆ 10 ದಿನದಲ್ಲಿ 'ರಾಜಸ್ಥಾನ ಪೂರ್ತಿ' ಅನ್ನುವ ಪ್ಯಾಕೇಜ್ ಕೊಂಡರೆ ನಿಮ್ಮ ಅಪ್ಪ ಅಮ್ಮ ನೋಡುವುದು ಹೆದ್ದಾರಿಯನ್ನೇ. ಬೆಟ್ಟದ ಒಂದು ಕಡೆ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಪಶ್ಚಿಮ.

ಅಲ್ಲಿನ ಜನ ನೀರಿಗೆ ಜಾತಿ ಹೇಳುತ್ತಾರೆ, ಮನುಷ್ಯರ ಜಾತಿಯಲ್ಲ! ಮಳೆಯಿಂದ ನೇರವಾಗಿ ಬಂದದ್ದು 'ಪಾಲರ್ ಪಾಣಿ'. ಬಾವಿಯ ಆಳದಿಂದ ಸೇದಿದ್ದು 'ಪಾತಾಳ ಪಾಣಿ', ಬಹಳ ಕಡೆ ಅದು ಉಪ್ಪು. ಇವೆರಡರ ನಡುವೆ ಮೂರನೆಯದು 'ರೇಜಾಣಿ ಪಾಣಿ'. ಮರಳಿನ ಕೆಳಗೆ ಕೆಲವು ಕಡೆ ಜಿಪ್ಸಂ ಪದರವಿದೆ. ಇಂಗಿದ ಮಳೆನೀರು ಆ ಪದರದ ಮೇಲೆ ನಿಲ್ಲುತ್ತದೆ, ಕೆಳಗಿನ ಉಪ್ಪು ನೀರಿಗೆ ಸೇರುವುದಿಲ್ಲ. ಆ ತೇವವನ್ನು ಹನಿ ಹನಿಯಾಗಿ ಒಸರಿಸಿಕೊಳ್ಳಲು ಕಿರಿದಾದ ಬಾವಿ ತೋಡುತ್ತಾರೆ. ಅದಕ್ಕೆ ಬೇರಿ ಅಥವಾ ಕುಂಯಿ ಅನ್ನುತ್ತಾರೆ. ರಾತ್ರಿಯೆಲ್ಲ ಒಸರಿದರೆ ಬೆಳಿಗ್ಗೆ ಕೆಲವು ಕೊಡ ನೀರು. ಮನೆ ಅಂಗಳದ ಕೆಳಗೆ ಮಳೆನೀರು ಕೂಡಿಡುವ ತೊಟ್ಟಿಗೆ ಟಾಂಕಾ. ನಾವು ಇದಕ್ಕೆ ಈಗ ಮಳೆ ಕೊಯ್ಲು ಅಂತ ಹೆಸರಿಟ್ಟು ಸರ್ಕಾರದಿಂದ ಆದೇಶ ಹೊರಡಿಸುತ್ತೇವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಖಡೀನ್. ಜೈಸಲ್ಮೇರ್‌ನ ಪಾಲೀವಾಲ್ ಬ್ರಾಹ್ಮಣರು ಇದರಲ್ಲಿ ಪಳಗಿದವರು. ಕಲ್ಲುನೆಲದ ಇಳಿಜಾರಿನಲ್ಲಿ ಬಿದ್ದ ಮಳೆಯೆಲ್ಲ ತಗ್ಗಿನ ಹೊಲಕ್ಕೆ ಹರಿದು ಬರುತ್ತದೆ. ಹೊಲದ ಕೆಳಬದಿಗೆ ಉದ್ದನೆಯ ಒಡ್ಡು ಹಾಕಿ ಆ ನೀರನ್ನು ನಿಲ್ಲಿಸುತ್ತಾರೆ. ಹೊಲವೇ ಕೆಲವು ವಾರ ಕೆರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ಮಳೆ ಬೇಡ, ಬಾವಿ ಬೇಡ. ನಮ್ಮ ಕಡೆ ಹಿಂಗಾರಿ ಕಡಲೆ ಬೆಳೆಯುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಜೈಸಲ್ಮೇರ್ ಹತ್ತಿರ ಕುಲಧರಾ ಅಂತ ಪಾಳುಬಿದ್ದ ಊರಿದೆ, ಪಾಲೀವಾಲರದ್ದೇ. 19ನೇ ಶತಮಾನದಲ್ಲಿ ಖಾಲಿಯಾಯಿತು. ದಿವಾನ ಸಾಲಿಂ ಸಿಂಗ್‌ನ ಕಾಟ ತಡೆಯದೆ ಎಲ್ಲರೂ ಒಂದೇ ರಾತ್ರಿ ಊರು ಬಿಟ್ಟರು, ಶಾಪ ಹಾಕಿ ಹೋದರು ಅಂತ ಕಥೆ. ಗೈಡ್‌ಗಳು ದೆವ್ವದ ಮಸಾಲೆ ಸೇರಿಸಿ ಹೇಳುತ್ತಾರೆ. ದೆವ್ವ ಬಿಡಿ. ಆ ಮರುಭೂಮಿಯಲ್ಲಿ ಗೋಧಿ ಬೆಳೆದು ಅಷ್ಟು ದೊಡ್ಡ ಕಲ್ಲಿನ ಊರು ಕಟ್ಟಿದ್ದರಲ್ಲ, ಅದನ್ನು ನೋಡಿ.

ಈಗ ಚರಿತ್ರೆಗೆ ಬರುತ್ತೇನೆ. ಜೈಸಲ್ಮೇರ್ ಅನ್ನು ರಾವಲ್ ಜೈಸಲ್ ಕಟ್ಟಿಸಿದ್ದು 1156ರಲ್ಲಿ. ಬೆಳೆ ಅಷ್ಟಕ್ಕಷ್ಟೇ ಇರುವ ಊರಲ್ಲಿ ಆ ಪಾಟಿ ಕೆತ್ತನೆಯ ಹವೇಲಿಗಳಿಗೆ, ಅಂದರೆ ಸಾಹುಕಾರರ ದೊಡ್ಡ ಮನೆಗಳಿಗೆ, ದುಡ್ಡು ಎಲ್ಲಿಂದ ಬಂತು ಅಂತ ಯಾರಿಗಾದರೂ ಅನ್ನಿಸಬೇಕು. ಒಂಟೆ ಸಾಲುಗಳಿಂದ. ಸಿಂಧ್‌ ಕಡೆ ಹೋಗಿ ಬರುವ ಸರಕೆಲ್ಲ ಈ ದಾರಿಯಲ್ಲೇ ಸಾಗುತ್ತಿತ್ತು. ನೀರು, ನೆರಳು, ಕಾವಲು ಕೊಟ್ಟವರು ಸುಂಕ ವಸೂಲು ಮಾಡಿದರು. ಬಾಂಬೆ ಬಂದರು ಬೆಳೆದು ವ್ಯಾಪಾರ ಸಮುದ್ರಕ್ಕೆ, ಆಮೇಲೆ ರೈಲಿಗೆ ತಿರುಗಿದಾಗ ಊರು ಬಡವಾಯಿತು. 1947ರಲ್ಲಿ ಗಡಿ ಬಿದ್ದು ಉಳಿದ ದಾರಿಯೂ ಮುಚ್ಚಿತು. ಅಲ್ಲಿನ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ, ಹಾಲಿನವನು ಬರುತ್ತಾನೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಮಳೆಗಾಗಿ ಬಾಯಿ ಬಿಡುವ ಊರಿನ ಕೋಟೆಗೆ ಈಗ ನೀರಿನಿಂದಲೇ ಅಪಾಯ ಅಂದರೆ ನಂಬುತ್ತೀರಾ? ನಲ್ಲಿ ನೀರು, ಹೋಟೆಲುಗಳ ಬಚ್ಚಲು ನೀರು ಬುಡಕ್ಕೆ ಇಳಿದು ಅಡಿಪಾಯ ಸಡಿಲವಾಗುತ್ತಿದೆ. ಅದಕ್ಕೇ ಕೋಟೆ ಒಳಗೆ ರೂಮು ಮಾಡಬೇಡಿ, ಕೆಳಗಿನ ಪೇಟೆಯಲ್ಲಿ ಇರಿ. ಇದು ನನ್ನ ಒಂದು ವಿನಂತಿ.

ಜೋಧಪುರ 1459ರಲ್ಲಿ ರಾವ್ ಜೋಧಾ ಕಟ್ಟಿಸಿದ ಊರು. ಅವನ ಮಗ ಬೀಕಾ ತನ್ನದೇ ರಾಜ್ಯ ಬೇಕು ಅಂತ ಉತ್ತರಕ್ಕೆ ಹೋಗಿ 1488ರಲ್ಲಿ ಬಿಕಾನೇರ್ ಕಟ್ಟಿದ. ಜೋಧಪುರದ ಮೆಹ್ರಾನ್‌ಗಢ ಕೋಟೆಗೆ ಒಂದು ಪೂರ್ತಿ ದಿನ ಕೊಡಿ. ಲಿಫ್ಟ್ ಇದೆ, ಅಮ್ಮನ ಮಂಡಿಗೆ ತೊಂದರೆ ಇಲ್ಲ. ಕೋಟೆ ಕಟ್ಟುವಾಗ ಅಡಿಪಾಯದಲ್ಲಿ ಜೀವಂತವಾಗಿ ಹೂಳಿಸಿಕೊಂಡ ಅನ್ನುವ ರಾಜಾರಾಮ್ ಮೇಘವಾಲ್‌ನ ನೆನಪಿನ ಕಲ್ಲು ಅಲ್ಲಿದೆ. ಆ ಬೆಟ್ಟದ ಮೇಲೆ ಇದ್ದ ಸಾಧುವೊಬ್ಬ ತನ್ನನ್ನು ಎಬ್ಬಿಸಿದ್ದಕ್ಕೆ 'ನಿನ್ನ ಊರಿಗೆ ನೀರು ಸಿಗದಿರಲಿ' ಅಂತ ಶಪಿಸಿದ, ಅದನ್ನು ಕಳೆಯಲು ಈ ಬಲಿ ಅಂತ ಹೇಳುತ್ತಾರೆ. ನೋಡಿದಿರಾ, ಅಲ್ಲೂ ನೀರೇ. ಲೋಹಾ ಪೋಲ್ ಬಾಗಿಲ ಪಕ್ಕ ಸತಿ ಹೋದ ರಾಣಿಯರ ಕೈ ಗುರುತುಗಳಿವೆ. ನನ್ನ ಮಗಳು ಅದರ ಅಳತೆಗೆ ತನ್ನ ಕೈ ಹಿಡಿದು ನೋಡಿದಳು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಶೌರ್ಯದ ಕಥೆ ಎಷ್ಟು ಹೇಳಿದರೂ ಆ ಗುರುತುಗಳ ಮುಂದೆ ಬಾಯಿ ಕಟ್ಟುತ್ತದೆ.

ರಜಪೂತ, ಮೊಘಲ್, ಹಿಂದೂ, ಮುಸ್ಲಿಂ ಅಂತ ಎರಡು ಬಣ್ಣದಲ್ಲಿ ಅಲ್ಲಿನ ಚರಿತ್ರೆ ಓದಲು ಹೋದರೆ ಲೆಕ್ಕ ತಪ್ಪುತ್ತದೆ. 1576ರ ಜೂನ್ 18ರಂದು ಹಲ್ದಿಘಾಟಿಯಲ್ಲಿ ಅಕ್ಬರನ ಸೈನ್ಯ ನಡೆಸಿದವನು ಜೈಪುರದ ಹತ್ತಿರದ ಆಮೇರ್‌ನ ರಜಪೂತ ಮಾನ್ ಸಿಂಗ್. ಮಹಾರಾಣಾ ಪ್ರತಾಪನ ಪರ ಮುಂಚೂಣಿಯಲ್ಲಿ ಕಾದವರಲ್ಲಿ ಪಠಾಣ ಹಕೀಂ ಖಾನ್ ಸೂರ್ ಇದ್ದ, ಆದಿವಾಸಿ ಭಿಲ್ಲರು ಇದ್ದರು. ಪ್ರತಾಪನ ರಾಜ್ಯವಾದ ಮೇವಾಡದ ರಾಜಲಾಂಛನದಲ್ಲಿ ಒಂದು ಕಡೆ ರಜಪೂತ, ಇನ್ನೊಂದು ಕಡೆ ಬಿಲ್ಲು ಹಿಡಿದ ಭಿಲ್ಲ ನಿಂತಿದ್ದಾರೆ. ರಾಜಸ್ಥಾನ ಅಂದರೆ ರಜಪೂತರಷ್ಟೇ ಅಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಹಾಗೆ ನೋಡಿದರೆ ಆ ನೆಲದ ನನ್ನ ಮೆಚ್ಚಿನ ವೀರರು ಕತ್ತಿ ಹಿಡಿದವರೇ ಅಲ್ಲ. 1730ರಲ್ಲಿ ಜೋಧಪುರದ ಮಹಾರಾಜ ಅಭಯ್ ಸಿಂಗ್‌ನ ಆಳುಗಳು ಅರಮನೆಗಾಗಿ ಮರ ಕಡಿಯಲು ಖೇಜಡ್ಲಿ ಅನ್ನುವ ಹಳ್ಳಿಗೆ ಬಂದರು. ಅದು ಬಿಷ್ಣೋಯಿ ಪಂಥದವರ ಊರು. 1485ರಲ್ಲಿ ಅವರ ಗುರು ಜಾಂಭೋಜಿ ಹಾಕಿಕೊಟ್ಟ 29 ನಿಯಮಗಳಿಂದ, ಬೀಸ್ (ಇಪ್ಪತ್ತು) ಮತ್ತು ನೌ (ಒಂಬತ್ತು), ಆ ಹೆಸರು ಬಂತು ಅನ್ನುತ್ತಾರೆ. ಹಸಿ ಮರ ಕಡಿಯಬಾರದು, ಪ್ರಾಣಿ ಕೊಲ್ಲಬಾರದು ಅನ್ನುವುದೂ ಅದರಲ್ಲಿದೆ. ಅಮೃತಾ ದೇವಿ ಅನ್ನುವ ಹೆಣ್ಣುಮಗಳು ಮರವನ್ನು ತಬ್ಬಿ ನಿಂತಳು. ಅವಳನ್ನು ಕಡಿದರು, ಅವಳ ಮೂವರು ಹೆಣ್ಣುಮಕ್ಕಳನ್ನು ಕಡಿದರು. ಸುತ್ತಲ ಊರಿನವರು ಒಬ್ಬೊಬ್ಬರಾಗಿ ಬಂದು ತಬ್ಬಿ ನಿಂತರು. ಒಟ್ಟು 363 ಜನ ಸತ್ತರು. ಆ ಜಾಗ ಜೋಧಪುರದಿಂದ ಒಂದು ಗಂಟೆಯ ದಾರಿಯೂ ಇಲ್ಲ. ಟೂರಿಸ್ಟ್ ಬಸ್ಸುಗಳು ಜಾಸ್ತಿ ಹೋಗುವುದಿಲ್ಲ. ಒಂದು ಸ್ಮಾರಕ, ಗುಡಿ, ಸುತ್ತ ಮರಗಳು, ಕೃಷ್ಣಮೃಗ, ನವಿಲು ಆರಾಮಾಗಿ ಓಡಾಡಿಕೊಂಡಿರುತ್ತವೆ.

ಆ ಮರ ಯಾವುದು ಗೊತ್ತಾ? ಖೇಜಡಿ. ಅಲ್ಲಿಗೆ ಹೋಗಿ ಎಲೆ, ಮುಳ್ಳು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಅದು ನಮ್ಮ ಬನ್ನಿ! ದಸರೆಯಲ್ಲಿ 'ಬನ್ನಿ ತಗೊಂಡು ಬಂಗಾರದ ಹಾಗಿರೋಣ' ಅಂತ ಹಂಚುತ್ತೇವಲ್ಲ, ಅದೇ ಮರ. ನಮಗೆ ವರ್ಷಕ್ಕೊಂದು ದಿನ ಬಂಗಾರ, ಅವರಿಗೆ ದಿನಾ. ಸೊಪ್ಪು ಆಡು, ಒಂಟೆಗೆ. ನೆರಳಲ್ಲಿ ಸಜ್ಜೆ ಬೆಳೆಯುತ್ತದೆ. ಎಳೆ ಕಾಯಿಗೆ ಸಾಂಗ್ರಿ ಅನ್ನುತ್ತಾರೆ. ಅದನ್ನು ಒಣಗಿಸಿಟ್ಟು, ಕೇರ್ ಅನ್ನುವ ಕಾಡುಗಾಯಿಯ ಜೊತೆ ಮಾಡುವ ಪಲ್ಯವೇ ಕೇರ್ ಸಾಂಗ್ರಿ. ಬರಗಾಲದಲ್ಲಿ ಮರದ ತೊಗಟೆಯನ್ನೂ ಬೀಸಿ ತಿಂದದ್ದುಂಟು. 1899ರ ಮಹಾ ಬರವನ್ನು ಅಲ್ಲಿ 'ಛಪ್ಪನಿಯಾ ಅಕಾಲ' ಅನ್ನುತ್ತಾರೆ, ವಿಕ್ರಮ ಶಕೆ 1956ರಲ್ಲಿ ಬಂದದ್ದರಿಂದ. ಕಾಕೀಸಾ ಮನೆಯಲ್ಲಿ ಅನ್ನ ಚೆಲ್ಲಿದರೆ ನಾನಿದ್ದಾಗಲೂ ಆ ಹೆಸರು ಬಾಯಿಗೆ ಬರುತ್ತಿತ್ತು.

ಊಟದ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಅಲ್ಲಿ ಅರ್ಧ ತವರೇ. ಬಾಜ್ರಾ ರೊಟ್ಟಿ ಅಂದರೆ ನಮ್ಮ ಸಜ್ಜೆ ರೊಟ್ಟಿ, ಸ್ವಲ್ಪ ದಪ್ಪ, ಮೇಲೆ ತುಪ್ಪ. ಬಿಕಾನೇರಿ ಭುಜಿಯಾ ಮಾಡುವುದು ಮೋಠ್ ಹಿಟ್ಟಿನಿಂದ, ಅಂದರೆ ನಮ್ಮ ಮಡಕಿ ಕಾಳು. ಕಡಲೆಹಿಟ್ಟಿನ ಗಟ್ಟೆ, ಒಣಗಿಸಿಟ್ಟ ಕಾಯಿ, ಮಜ್ಜಿಗೆಯ ಸಾರು, ಎಲ್ಲ ನೀರು ಕಡಿಮೆ ಹಸಿ ತರಕಾರಿ ಕಡಿಮೆ ಇರುವ ಅಡುಗೆಯೇ. ದಾಲ್ ಬಾಟಿ ಚೂರ್ಮಾ ಹೋಟೆಲಿನಲ್ಲಿ ತಿಂದರೆ ಹೊಟ್ಟೆ ಭಾರ, ಮಧ್ಯಾಹ್ನಕ್ಕಷ್ಟೇ ಇಟ್ಟುಕೊಳ್ಳಿ. ಜೋಧಪುರದ ಮಿರ್ಚಿ ಬಡಾ ನಮ್ಮ ಮಿರ್ಚಿ ಭಜ್ಜಿಯ ಅಣ್ಣ, ಒಳಗೆ ಆಲೂಗಡ್ಡೆ ತುಂಬಿರುತ್ತಾರೆ. ಗದಗ, ಹುಬ್ಬಳ್ಳಿ ಕಡೆಯವರು ಸೋಲೊಪ್ಪಿಕೊಳ್ಳಲಿಕ್ಕಿಲ್ಲ, ನಾನೂ ಒಪ್ಪಿಕೊಂಡಿಲ್ಲ.

ಭಾಷೆ ಬಗ್ಗೆ ಒಂದು ಗುಟ್ಟು. ಹಿಂದಿ ನಡೆಯುತ್ತದೆ. ಆದರೆ ಮನೆಮಾತು ಮಾರವಾಡಿ, ಅದರಲ್ಲಿ ನಮ್ಮ 'ಳ' ಇದೆ. ಕಪ್ಪು ಅನ್ನುವುದಕ್ಕೆ ಹಿಂದಿಯವರು 'ಕಾಲಾ' ಅಂದರೆ ಇವರು 'ಕಾಳೋ'. ದೆಹಲಿಯಿಂದ ಬಂದ ನನ್ನ ಸಹೋದ್ಯೋಗಿಗೆ 3 ವರ್ಷವಾದರೂ ಅದು ತಿರುಗಲಿಲ್ಲ, ನನಗೆ ಮೊದಲ ದಿನವೇ ಬಂತು. ಬಜಾರಿನಲ್ಲಿ 'ರಾಮ್ ರಾಮ್ ಸಾ' ಅನ್ನಿ, ಮನೆಗಳಲ್ಲಿ 'ಖಮ್ಮಾ ಘಣಿ' ಅನ್ನಿ. ಚಹಾ ಖಾತ್ರಿ.

ಮಾರವಾಡಿ ಅಂದ ತಕ್ಷಣ ನಮ್ಮ ಕಡೆ ಗಿರವಿ ಅಂಗಡಿ ನೆನಪಾಗುತ್ತದೆ, ಅಲ್ವಾ? ಚಿಕ್ಕಪೇಟೆಯಲ್ಲಿ ಬಟ್ಟೆ ಕೊಳ್ಳುವಾಗ ನಿಮಗೆ ಕನ್ನಡದಲ್ಲೇ ಚೌಕಾಸಿ ಮಾಡುವವರ ಅಜ್ಜಂದಿರು ಬಂದದ್ದು ಇಲ್ಲಿಂದಲೇ. ಮಳೆ ಕೈಕೊಟ್ಟ, ಒಂಟೆ ದಾರಿ ಸತ್ತ ನಾಡಿನಿಂದ ಗಂಡಸರು ದುಡಿಮೆಗೆ ಹೊರಟರು. ಹುಟ್ಟೂರಿಗೆ 'ದೇಸ್', ದುಡಿಯಲು ಹೋದ ಊರಿಗೆ 'ದಿಸಾವರ್' ಅನ್ನುತ್ತಾರೆ. ರಾಜ್ಯದ ಈಶಾನ್ಯಕ್ಕಿರುವ ಶೇಖಾವಟಿ ಸೀಮೆಯ ನವಲಗಢ, ಮಂಡಾವಾ ಊರುಗಳಲ್ಲಿ ಗೋಡೆ ತುಂಬ ಚಿತ್ರ ಬರೆಸಿದ ದೊಡ್ಡ ದೊಡ್ಡ ಹವೇಲಿಗಳಿವೆ. ದುಡ್ಡು ಕಲ್ಕತ್ತೆ, ಬಾಂಬೆಯದು. ಮನೆ ದೇಸ್‌ನಲ್ಲಿ. ಈಗ ಎಷ್ಟೋ ಹವೇಲಿಗಳಲ್ಲಿ ಕಾವಲುಗಾರ ಒಬ್ಬನೇ ಇರುತ್ತಾನೆ. ಬಿರ್ಲಾಗಳ ಮೂಲ ಊರು ಪಿಲಾನಿಯೂ ಈ ಸೀಮೆಯದೇ.

ತಿರುಗಿ ನೋಡಿದರೆ ನಮ್ಮ ಕಡೆಯಿಂದಲೂ ಒಬ್ಬರು ಅಲ್ಲಿಗೆ ಹೋಗಿದ್ದಾರೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ 1942ರಲ್ಲಿ ಜೈಪುರದ ಪ್ರಧಾನಿಯಾದರು. ಜೈಪುರದ ಎಂ.ಐ. ರೋಡ್ ಅಂದರೆ ಮಿರ್ಜಾ ಇಸ್ಮಾಯಿಲ್ ರೋಡ್. ಇನ್ನೊಂದು ನಂಟು: 1949ರ ಮಾರ್ಚ್ 30ರಂದು ದೊಡ್ಡ ಸಂಸ್ಥಾನಗಳು ಸೇರಿದ್ದರಿಂದ ಅವರು ರಾಜಸ್ಥಾನ ದಿವಸವನ್ನು ಬಹಳ ವರ್ಷ ಅವತ್ತೇ ಆಚರಿಸುತ್ತಿದ್ದರು. ಆದರೆ ಅಜ್ಮೇರ್, ಆಬು ಸೇರಿ ರಾಜ್ಯ ಈಗಿನ ರೂಪಕ್ಕೆ ಬಂದದ್ದು 1956ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನ.

ಸಂಜೆ ಮರಳುದಿಬ್ಬದ ಕ್ಯಾಂಪಿನಲ್ಲಿ ಹಾಡು ಹೇಳುವವರನ್ನು ನೋಡುತ್ತೀರಿ. ಸಿನಿಮಾ ಹಾಡು ಕೇಳಬೇಡಿ, ದಯವಿಟ್ಟು. ಅವರು ಮಾಂಗಣಿಯಾರ್ ಅಥವಾ ಲಂಗಾ ಜನ. ಧರ್ಮದಿಂದ ಮುಸ್ಲಿಮರು, ತಲೆಮಾರಿನಿಂದ ಹಾಡಿಕೊಂಡು ಬಂದವರು. ಮಾಂಗಣಿಯಾರರ ಯಜಮಾನರು, ಅಂದರೆ ಅವರಿಗೆ ಆಸರೆ ಕೊಟ್ಟು ಹಾಡಿಸುವವರು, ಬಹುತೇಕ ಹಿಂದೂ ಮನೆಗಳು. ಆ ಮನೆಯಲ್ಲಿ ಮಗು ಹುಟ್ಟಿದರೂ, ಮದುವೆಯಾದರೂ ಇವರೇ ಹಾಡಬೇಕು. ಮನೆತನದ ವಂಶಾವಳಿ ಇವರ ಬಾಯಲ್ಲಿರುತ್ತದೆ. ಕಮಾಯಿಚಾ ಇದೆಯಾ ಅಂತ ಕೇಳಿ. ಮೇಕೆ ಚರ್ಮ ಹೊದಿಸಿದ ದುಂಡು ಹೊಟ್ಟೆಯ, ಕಮಾನಿನಿಂದ ನುಡಿಸುವ ವಾದ್ಯ. ಅದನ್ನು ನುಡಿಸಿದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಹತ್ತಿರದ ರಾಮ್‌ದೇವ್‌ರಾದಲ್ಲಿ ಹಿಂದೂಗಳಿಗೆ ಬಾಬಾ ರಾಮದೇವ್ (ಈಗಿನ ಯೋಗ ಗುರು ಅಲ್ಲ, ಹಳೇ ಕಾಲದ ಸಂತ) ಆದವರೇ ಮುಸ್ಲಿಮರಿಗೆ ರಾಮ್‌ಸಾ ಪೀರ್. ಬಟ್ಟೆಯ ಕುದುರೆಗಳನ್ನು ಹರಕೆ ಕೊಡುತ್ತಾರೆ. ನಮ್ಮ ಸಂತ ಶಿಶುನಾಳ ಶರೀಫರ ಗದ್ದುಗೆಗೆ ಹೋದವರಿಗೆ ಇದೇನೂ ವಿಚಿತ್ರ ಅನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿ ಕಾಲುವೆ ಬಿಟ್ಟರೆ ತಪ್ಪಾಗುತ್ತದೆ. ಪಂಜಾಬಿನ ಹರೀಕೆ ಬ್ಯಾರೇಜಿನಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಸಟ್ಲೆಜ್, ಬಿಯಾಸ್ ನದಿಗಳ ನೀರು ಈಗ ಜೈಸಲ್ಮೇರ್ ಜಿಲ್ಲೆಗೆ ಬರುತ್ತದೆ. ಮೈಲಿಗಟ್ಟಲೆ ನೀರು ಹೊತ್ತವರ ಮೊಮ್ಮಕ್ಕಳು ಇವತ್ತು ಗೋಧಿ, ಸಾಸಿವೆ, ಶೇಂಗಾ ಬೆಳೆಯುತ್ತಾರೆ. ಜೊತೆಗೇ ಕೆಲವು ಕಡೆ ಜಮೀನು ಜವುಳಾಗಿದೆ, ಉಪ್ಪು ಮೇಲೆದ್ದಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಕಂಡವನಿಗೆ ಇದು ಗೊತ್ತಿರುವ ಕಥೆ. ಬೇರಿ, ಟಾಂಕಾಗಳನ್ನು ಜನ ಮರೆಯತೊಡಗಿದರು. ಮೇಲೆ ಕಾಲುವೆ ದುರಸ್ತಿಗೆ ನೀರು ನಿಂತ ವಾರ, ಹೂಳು ತೆಗೆಯದ ಹಳೇ ಟಾಂಕಾ ನೋಡಿ ಕಾಕೀಸಾ ಗೊಣಗುತ್ತಿದ್ದರು.

ಸರಿ, ನಿಮ್ಮ 10 ದಿನ. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮೇಲೆ ಜೋಧಪುರಕ್ಕೆ ನೇರ ರೈಲಿದೆ. ಎರಡು ರಾತ್ರಿ ಹಿಡಿಯುತ್ತದೆ, ವಯಸ್ಸಾದವರಿಗೆ ವಿಮಾನವೇ ವಾಸಿ. ಜೋಧಪುರದಲ್ಲಿ 3 ದಿನ. ಮೆಹ್ರಾನ್‌ಗಢದ ಬುಡದಲ್ಲೇ ರಾವ್ ಜೋಧಾ ಮರುಭೂಮಿ ಉದ್ಯಾನವಿದೆ, ತಪ್ಪಿಸಬೇಡಿ. ಒಂದು ಕಾಲಕ್ಕೆ ಆ ಬಂಡೆಯನ್ನೆಲ್ಲ ಬಳ್ಳಾರಿ ಜಾಲಿ ನುಂಗಿತ್ತು. ಕಲ್ಲು ಒಡೆಯುವ ಖಾಂಡ್ವಾಲಿಯಾ ಜನ ಉಳಿ, ಸುತ್ತಿಗೆ ಹಿಡಿದು ಬೇರು ಬೇರನ್ನೂ ಕಿತ್ತು ಅಲ್ಲಿನ ಗಿಡಗಳಿಗೆ ಜಾಗ ಮಾಡಿಕೊಟ್ಟರು. ಪೇಟೆಯೊಳಗಿನ ತೂರ್‌ಜೀ ಕಾ ಝಾಲ್ರಾ ಅನ್ನುವ ಮೆಟ್ಟಿಲ ಬಾವಿಗೆ ಸಂಜೆ ಹೋಗಿ. ಅದನ್ನು ಕಟ್ಟಿಸಿದ್ದು ಅದೇ ಅಭಯ್ ಸಿಂಗ್‌ನ ರಾಣಿ. ಗಂಡನ ಆಳುಗಳು ಮರ ಕಡಿಸಿದರು, ಹೆಂಡತಿ ನೀರು ಕೊಟ್ಟಳು.

ಜೈಸಲ್ಮೇರ್‌ಗೆ ಹೋಗುವ ದಾರಿಯಲ್ಲಿ ಫಲೋದಿ ಹತ್ತಿರ ಖೀಚನ್ ಅನ್ನುವ ಹಳ್ಳಿಯಲ್ಲಿ ಒಂದು ರಾತ್ರಿ ಉಳಿಯಿರಿ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಸಾವಿರಾರು ಕೊಕ್ಕರೆಗಳು ಬರುತ್ತವೆ, ಅಲ್ಲಿನವರು ಕುರ್ಜಾ ಅನ್ನುತ್ತಾರೆ. ಜೈನ ವ್ಯಾಪಾರಿಗಳ ಹಳ್ಳಿ, ಹಕ್ಕಿಗೆ ಕಾಳು ಹಾಕುವುದಕ್ಕೇ ಬೇಲಿ ಹಾಕಿದ ಅಂಗಳ ಇಟ್ಟಿದ್ದಾರೆ. ಜೈಸಲ್ಮೇರ್‌ನಲ್ಲಿ 3 ದಿನ ಕೊಡಿ. ಸಮ್ ದಿಬ್ಬಗಳಲ್ಲಿ ಜೀಪು, ಡಿಜೆ ಗಲಾಟೆ ವಿಪರೀತ, ಖುಡಿ ಕಡೆ ಸ್ವಲ್ಪ ನೆಮ್ಮದಿ. ಅದೃಷ್ಟವಿದ್ದರೆ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಗೋಡಾವಣ್ ಕಾಣಬಹುದು. ಅದೇ ನಮ್ಮ ಎರ್ಲಡ್ಡು ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವಲ್ಲ, ಅದು. ಅಲ್ಲಿ ಅದಕ್ಕೆ ದೊಡ್ಡ ಗಂಡಾಂತರ ವಿದ್ಯುತ್ ತಂತಿ. ಪಕ್ಕಕ್ಕೆ ನೋಡುವ ಕಣ್ಣು, ಭಾರದ ಮೈ, ಎದುರಿನ ತಂತಿ ಕಾಣುವಷ್ಟರಲ್ಲಿ ಬಡಿದಿರುತ್ತದೆ.

ಉಳಿದ ದಿನ ಬಿಕಾನೇರ್‌ಗೆ. ಜುನಾಗಢ ಕೋಟೆ, ಒಂಟೆ ಸಂಶೋಧನಾ ಕೇಂದ್ರ, ಭುಜಿಯಾ ಅಂಗಡಿ, ಸಾಕು. ದೇಶ್‌ನೋಕ್‌ನ ಕರಣಿ ಮಾತಾ ಗುಡಿಯಲ್ಲಿ ಇಲಿಗಳು ಕಾಲ ಮೇಲೇ ಓಡಾಡುತ್ತವೆ, ಅಮ್ಮನನ್ನು ಮೊದಲೇ ಕೇಳಿ ಕರೆದುಕೊಂಡು ಹೋಗಿ. ಜೈಪುರ, ಉದಯಪುರ, ಚಿತ್ತೋಡ ಇನ್ನೊಂದು ವರ್ಷಕ್ಕಿರಲಿ. ಡಿಸೆಂಬರ್ ರಾತ್ರಿ ತಾಪಮಾನ ಒಂದಂಕಿಗೆ ಇಳಿಯುತ್ತದೆ. ಮರುಭೂಮಿ ಅಲ್ವಾ, ಸೆಕೆ ಇರುತ್ತದೆ ಅಂತ ನಾನು ಸ್ವೆಟರ್ ಇಲ್ಲದೆ ಹೋಗಿ ಕಾಕೀಸಾ ಕೊಟ್ಟ ರಜಾಯಿಯಲ್ಲಿ ಸುತ್ತಿಕೊಂಡು ಕೂತಿದ್ದೆ. ಮಂಕಿ ಟೋಪಿ, ಶಾಲು ಇಟ್ಟುಕೊಳ್ಳಿ. ಯಾರಾದರೂ ಮನೆಯೊಳಗೆ ಕರೆದು ನೀರು ಕೊಟ್ಟರೆ ಲೋಟದಲ್ಲಿ ಅರ್ಧ ಬಿಟ್ಟು ಏಳಬೇಡಿ. ಕುಡಿಯುವಷ್ಟೇ ಹಾಕಿ ಅಂತ ಮೊದಲೇ ಹೇಳಿ.